ವಿಟ್‌ಬಿಯ ಬೆಳಕು, ಭರತ, ಇಳಿತ: ಕ್ಯಾಮೆರಾ ಹಿಡಿದ ನನ್ನ ಅನುಭವ

ಕುಂದಾಪುರದ ಕಡೆಯವರಿಗೆ ಸೂರ್ಯ ಹುಟ್ಟುವುದು ಘಟ್ಟದ ಮೇಲಿಂದ, ಮುಳುಗುವುದು ಕಡಲಿಗೆ. ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಇದು ತಿರುಗುಮುರುಗಾಗಬೇಕು. ಆದರೆ ಯಾರ್ಕ್‌ಶೈರಿನ ವಿಟ್‌ಬಿಯಲ್ಲಿ ಬೇರೆಯೇ ಲೆಕ್ಕ. ಊರು ಪೂರ್ವ ಕರಾವಳಿಯಲ್ಲಿದ್ದರೂ ಅಲ್ಲಿನ ದಡ ಹೆಚ್ಚುಕಡಿಮೆ ಉತ್ತರಕ್ಕೆ ಮುಖ ಮಾಡಿದೆ. ಹಾಗಾಗಿ ಜೂನ್ ತಿಂಗಳಲ್ಲಿ ಬೆಳಗಿನ ನಾಲ್ಕೂವರೆಯ ಹೊತ್ತಿಗೆ ಸೂರ್ಯ ಈಶಾನ್ಯದಲ್ಲಿ ಕಡಲಿನಿಂದ ಏಳುತ್ತಾನೆ, ರಾತ್ರಿ ಒಂಬತ್ತೂವರೆ ದಾಟಿದ ಮೇಲೆ ವಾಯವ್ಯದಲ್ಲಿ ಕಡಲಿಗೇ ಇಳಿಯುತ್ತಾನೆ. ಈ ಊರಲ್ಲಿ ಫೋಟೊ ತೆಗೆಯಲು ಹೊರಟವರು ಲೆನ್ಸ್ ಯಾವುದೆಂದು ಯೋಚಿಸುವ ಮೊದಲು ದಿಕ್ಕು ತಿಳಿದುಕೊಳ್ಳಬೇಕು. ಉಳಿದ ಎಲ್ಲ ನಿರ್ಧಾರಗಳನ್ನೂ ನಾನು ಅದರಿಂದಲೇ ಶುರು ಮಾಡುತ್ತೇನೆ.

ಎಸ್ಕ್ ನದಿ ಊರನ್ನು ಎರಡಾಗಿ ಸೀಳಿ ಉತ್ತರಕ್ಕೆ ಹರಿದು ಕಡಲು ಸೇರುತ್ತದೆ. ಪೂರ್ವದ ಗುಡ್ಡದ ತಲೆಯ ಮೇಲೆ ವಿಟ್‌ಬಿ ಆ್ಯಬಿ ಎಂಬ ಕ್ರೈಸ್ತ ಮಠದ ಅವಶೇಷ, ಅದರ ಪಕ್ಕ ಸೇಂಟ್ ಮೇರಿ ಚರ್ಚ್, ಅಲ್ಲಿಂದ ಕೆಳಗೆ 199 ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ಕೆಂಪು ಹೆಂಚಿನ ಹಳೆಯ ಮನೆಗಳು. ಪಶ್ಚಿಮದ ಗುಡ್ಡದ ಮೇಲೆ ಹೋಟೆಲುಗಳು, ಕ್ಯಾಪ್ಟನ್ ಕುಕ್ ಪ್ರತಿಮೆ, ತಿಮಿಂಗಿಲದ ದವಡೆಯ ಮೂಳೆಯ ಕಮಾನು. ಬೆಳಿಗ್ಗೆ ಪೂರ್ವದ ಮನೆಗಳೆಲ್ಲ ಗುಡ್ಡದ ನೆರಳಿನಲ್ಲಿರುತ್ತವೆ. ಆಗ ನಾನು ಮೆಟ್ಟಿಲು ಹತ್ತಿ, ಬೆಳಕು ಬಿದ್ದ ಪಶ್ಚಿಮ ದಂಡೆಯನ್ನು ತೆಗೆಯುತ್ತೇನೆ. ಮಧ್ಯಾಹ್ನ ಮೂರರ ನಂತರ ಸೇತುವೆ ದಾಟಿ ಆ ಬದಿಗೆ ಹೋಗುತ್ತೇನೆ. ಪಶ್ಚಿಮದ ಗುಡ್ಡದಿಂದ ಬಂದರಿಗೆ ಬಳುಕಿಕೊಂಡು ಇಳಿಯುವ ರಸ್ತೆಯ ಹೆಸರು ಖೈಬರ್ ಪಾಸ್! ಆ ತಿರುವಿನಲ್ಲಿ ನಿಂತು ದೂರದ್ದನ್ನು ಹತ್ತಿರ ತರುವ 70-200 ಎಂಎಂ ಲೆನ್ಸ್ ಹಾಕಿದರೆ ಬಂದರು, ಹೆಂಚಿನ ಮನೆಗಳ ಸಾಲು, ಮೆಟ್ಟಿಲು, ಚರ್ಚ್, ಮಠ ಒಂದರ ಮೇಲೊಂದು ಪೇರಿಸಿಟ್ಟಂತೆ ಒಂದೇ ಚೌಕಟ್ಟಿಗೆ ಬರುತ್ತವೆ. ಊರಿನ ಸಾವಿರದ ಮುನ್ನೂರು ವರ್ಷ ಅಷ್ಟರಲ್ಲಿ ಅಡಗಿದೆ. 657ರಲ್ಲಿ ಸಂತ ಹಿಲ್ಡಾ ಇಲ್ಲಿ ಮೊದಲ ಮಠ ಕಟ್ಟಿದಳು. 664ರಲ್ಲಿ ಈಸ್ಟರ್ ಯಾವ ದಿನ ಆಚರಿಸಬೇಕೆಂದು ತೀರ್ಮಾನಿಸಿದ ಸಭೆ ನಡೆದದ್ದೂ ಇಲ್ಲಿಯೇ. ಈಗ ಕಾಣುವ ಗೋಥಿಕ್ ಗೋಡೆಗಳು 13ನೇ ಶತಮಾನದಿಂದ ಈಚೆಗೆ ಕಟ್ಟಿದವು. 1539ರಲ್ಲಿ ರಾಜಾಜ್ಞೆಯಿಂದ ಮಠ ಮುಚ್ಚಿತು. ಗಾಳಿ ಮಳೆ ತಿಂದು ಉಳಿದಿದ್ದರ ಮೇಲೆ 1914ರ ಡಿಸೆಂಬರಿನಲ್ಲಿ ಜರ್ಮನ್ ಯುದ್ಧನೌಕೆಗಳ ಗುಂಡು ಬಿದ್ದು ಪಶ್ಚಿಮದ ಮುಖಭಾಗ ಜಖಂ ಆಯಿತು. ಸಂಜೆಯ ಓರೆ ಬೆಳಕು ಬೀಳುವುದು ಅದೇ ಮುಖದ ಮೇಲೆ.

ಚಳಿಗಾಲ ನನಗೆ ಇನ್ನೂ ಇಷ್ಟ. ಡಿಸೆಂಬರಿನಲ್ಲಿ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 12 ಡಿಗ್ರಿಯಷ್ಟೇ ಮೇಲಿರುತ್ತಾನೆ. ನಮ್ಮೂರಲ್ಲಿ ಬೆಳಿಗ್ಗೆ ಒಂದರ್ಧ ತಾಸು ಸಿಗುವ ಉದ್ದ ನೆರಳಿನ ಬೆಳಕು ಇಲ್ಲಿ ಇಡೀ ದಿನ ಇರುತ್ತದೆ. ಸೂರ್ಯೋದಯ ಆಗ ಆಗ್ನೇಯಕ್ಕೆ ಸರಿದಿರುವುದರಿಂದ, ಪಶ್ಚಿಮ ದಂಡೆಯಲ್ಲಿ ಸರಿಯಾದ ಜಾಗ ಹುಡುಕಿ ನಿಂತರೆ ಮಠ ಕಪ್ಪು ಆಕೃತಿಯಾಗಿ ಆಕಾಶಕ್ಕೆ ಅಂಟಿಕೊಳ್ಳುತ್ತದೆ. ಆಕಾಶಕ್ಕೆ ಎಕ್ಸ್‌ಪೋಶರ್ (ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಪ್ರಮಾಣ) ಹೊಂದಿಸಿ, ಕಲ್ಲಿನ ವಿವರವನ್ನು ಧೈರ್ಯವಾಗಿ ಬಿಟ್ಟುಬಿಡಬೇಕು. ಖಾಲಿ ಕಿಟಕಿಗಳ ಆಚೆ ಆಕಾಶ ಕಂಡರೆ ಸಾಕು.

ಬೆಳಕಿನಷ್ಟೇ ಮುಖ್ಯವಾದದ್ದು ನೀರಿನ ಮಟ್ಟ. ದೊಡ್ಡ ಭರತದ ದಿನಗಳಲ್ಲಿ ಇಲ್ಲಿ ನೀರು ಸುಮಾರು ಐದು ಮೀಟರ್ ಏರಿ ಇಳಿಯುತ್ತದೆ. ನಮ್ಮ ಕರಾವಳಿಯ ಎರಡು ಪಟ್ಟಿಗೂ ಹೆಚ್ಚು. ಹೊರಡುವ ಮೊದಲು ಭರತದ ಪಟ್ಟಿ ನೋಡಿ, ಆ ದಿನ ಯಾವ ಚಿತ್ರ ಸಾಧ್ಯ ಎಂದು ಬರೆದುಕೊಳ್ಳುತ್ತೇನೆ. ಇಳಿತದಲ್ಲಿ ಟೇಟ್ ಹಿಲ್ ಬಳಿ ಮರಳು ಬಿಚ್ಚಿಕೊಳ್ಳುತ್ತದೆ. ಒದ್ದೆ ಮರಳಿನ ಮೇಲೆ ಆಕಾಶದ ಬೆಳಕು, ಕೆಳಮಟ್ಟದಿಂದ ನೋಡಿದರೆ ಎತ್ತರವಾಗಿ ಕಾಣುವ ಬಂದರಿನ ಗೋಡೆಗಳು, ಗೋಡೆಗೆ ಅಂಟಿದ ಪಾಚಿಯ ಗೆರೆ. ಭರತ ತುಂಬಿದಾಗ ಕೆಲಸ ಬೇರೆ. 1908ರ ತಿರುಗು ಸೇತುವೆ ದೋಣಿಗಳಿಗೆ ದಾರಿ ಬಿಡುವುದು ಭರತದ ಎರಡು ಗಂಟೆ ಮೊದಲಿನಿಂದ ಎರಡು ಗಂಟೆ ನಂತರದವರೆಗೆ. ಮುಸ್ಸಂಜೆಯ ನೀಲಿ ಬೆಳಕೂ ತುಂಬಿದ ನೀರೂ ಒಟ್ಟಿಗೆ ಬರುವ ದಿನಗಳು ತಿಂಗಳಲ್ಲಿ ಕೆಲವೇ. ಆ ದಿನ ಸೇತುವೆಯ ಬಳಿ ಟ್ರೈಪಾಡ್ ಇಟ್ಟು, ದೀಪಗಳ ಪ್ರತಿಬಿಂಬಕ್ಕೆ ಕಾಯುತ್ತೇನೆ. ಲಂಗರು ಹಾಕಿದ ದೋಣಿಗಳು ಸದಾ ಅಲುಗಾಡುವುದರಿಂದ ಎಂಟು ಹತ್ತು ಸೆಕೆಂಡಿನ ಎಕ್ಸ್‌ಪೋಶರ್ ಕೊಟ್ಟರೆ ಕೂವೆಮರಗಳು ಕಲಸಿಹೋಗುತ್ತವೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು, 800ಕ್ಕೆ ಏರಿಸಿ ಶಟರ್ ತೆರೆದಿರುವ ಹೊತ್ತನ್ನು ಒಂದು ಸೆಕೆಂಡಿಗಿಂತ ಕಡಿಮೆ ಇಟ್ಟುಕೊಳ್ಳುವುದೇ ಸರಿ.

ತಿಮಿಂಗಿಲದ ಮೂಳೆಯ ಕಮಾನಿನೊಳಗೆ ಮಠ ಕೂರಿಸುವ ಚಿತ್ರವನ್ನು ಎಲ್ಲರೂ ತೆಗೆಯುತ್ತಾರೆ, ನಾನೂ ತೆಗೆಯುತ್ತೇನೆ. ಚೆಂದವಿದೆ, ಸುಳ್ಳೇಕೆ ಹೇಳಲಿ. ಆದರೆ ಆ ಮೂಳೆ ಅಲ್ಲಿ ಯಾಕಿದೆ ಎಂದು ತಿಳಿದಿರಬೇಕು. 1753ರಿಂದ ಎಂಟು ದಶಕ ಈ ಊರಿನ ಹಡಗುಗಳು ಗ್ರೀನ್‌ಲ್ಯಾಂಡಿನತ್ತ ತಿಮಿಂಗಿಲ ಬೇಟೆಗೆ ಹೋಗುತ್ತಿದ್ದವು. ಈಗಿನ ಮೂಳೆಗಳು ಅಲಾಸ್ಕಾದಿಂದ ಬಂದವು, 2003ರಲ್ಲಿ ನಿಲ್ಲಿಸಿದ್ದು. ಕುಕ್ ಲೋಕ ಸುತ್ತಿದ ಎಂಡೆವರ್ ಹಡಗು ಕಟ್ಟಿದ್ದೂ ಇದೇ ನದಿಯ ದಂಡೆಯಲ್ಲಿ. ಹಾಗಾಗಿ ಕಮಾನಿನ ಚಿತ್ರದಲ್ಲಿ ಮಠವಷ್ಟೇ ಅಲ್ಲದೆ ಬಂದರಿನ ಒಂದು ತುಣುಕಾದರೂ ಬರುವಂತೆ ನಾನು ಒಂದೆರಡು ಹೆಜ್ಜೆ ಆಚೀಚೆ ಸರಿಯುತ್ತೇನೆ.

ಈ ಊರಲ್ಲಿ ಕ್ಯಾಮೆರಾ ಹಿಡಿದವರಿಗೆಲ್ಲ ಹಿರಿಯನೊಬ್ಬನಿದ್ದಾನೆ: ಫ್ರಾಂಕ್ ಮೆಡೊ ಸಟ್‌ಕ್ಲಿಫ್, 1853ರಿಂದ 1941ರವರೆಗೆ ಬದುಕಿದವನು. ಹೊಟ್ಟೆಪಾಡಿಗೆ ಪ್ರವಾಸಿಗಳ ಭಾವಚಿತ್ರ ತೆಗೆಯುತ್ತಿದ್ದ, ಮನಸ್ಸಿನ ಪಾಡಿಗೆ ಬಂದರಿನ ಮೀನುಗಾರರನ್ನು. 1886ರ ‘ವಾಟರ್ ರ‍್ಯಾಟ್ಸ್’ನಲ್ಲಿ ಬರಿಮೈಯ ಹುಡುಗರು ದೋಣಿಯೊಂದರ ಸುತ್ತ ನೀರಾಟ ಆಡುತ್ತಿದ್ದಾರೆ, ಹಿಂದೆ ಬಂದರು ಮಸುಕಾಗಿದೆ. ಭಾರವಾದ ಗಾಜಿನ ಫಲಕ, ನಿಧಾನದ ಎಕ್ಸ್‌ಪೋಶರ್. ಆದರೂ ಜನ ನಿಲ್ಲಿಸಿದ ಗೊಂಬೆಗಳಂತೆ ಕಾಣುವುದಿಲ್ಲ. ಅವನಿಂದ ನಾನು ಕಲಿತದ್ದು ಮಂಜನ್ನು ಪ್ರೀತಿಸುವುದು. ಬೇಸಿಗೆಯಲ್ಲಿ ಬೆಚ್ಚಗಿನ ತೇವದ ಗಾಳಿ ತಣ್ಣನೆಯ ಉತ್ತರ ಸಮುದ್ರದ ಮೇಲೆ ಹಾದು ಬಂದಾಗ ದಟ್ಟ ಮಂಜು ಊರಿಗೆ ನುಗ್ಗುತ್ತದೆ. ಅಲ್ಲಿಯವರು ಅದನ್ನು ಸೀ ಫ್ರೆಟ್ ಎನ್ನುತ್ತಾರೆ. ಪ್ರವಾಸಿಗಳು ಚಹಾದಂಗಡಿಗೆ ಓಡುವ ಹೊತ್ತು ಅದು. ನಾನು ಆಗಲೇ ಬಂದರಿಗೆ ಇಳಿಯುವುದು. ಹಿಂದಿನ ಕಾರು, ಬೋರ್ಡು, ತಂತಿಗಳೆಲ್ಲ ಮಾಯವಾಗಿ, ಒಂದು ದೋಣಿ, ಬಲೆ ಬುಟ್ಟಿ ಎತ್ತುವ ಒಬ್ಬ ಮನುಷ್ಯ ಉಳಿಯುತ್ತಾರೆ. ಕ್ಯಾಮೆರಾದ ಬೆಳಕಿನ ಮೀಟರ್ ಹೇಳಿದ್ದಕ್ಕಿಂತ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಎಂದರೆ ಎರಡು ಪಟ್ಟು ಬೆಳಕು) ಹೆಚ್ಚು ಕೊಡಬೇಕು, ಇಲ್ಲದಿದ್ದರೆ ಮಂಜು ಬೂದಿ ಬಣ್ಣಕ್ಕೆ ತಿರುಗುತ್ತದೆ. ಏಡಿ, ಲಾಬ್‌ಸ್ಟರ್ ಹಿಡಿಯುವವರು ಈಗಲೂ ಅಲ್ಲಿ ದುಡಿಯುತ್ತಾರೆ. ಮೊದಲು ಮಾತಾಡಿಸಿ, ಆಮೇಲೆ ಕ್ಯಾಮೆರಾ ಎತ್ತುತ್ತೇನೆ. ಮೀನು ಯಾವುದು ಬಿತ್ತು ಎಂದು ಕೇಳುವುದು ಕರಾವಳಿಯವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಬಂಡೆ, ಅಲೆ ಬೇಕೆಂದರೆ ಪೂರ್ವಕ್ಕೆ ಸಾಲ್ಟ್‌ವಿಕ್ ಕೊಲ್ಲಿಗೆ ಹೋಗಬೇಕು. ಕಪ್ಪು ಬಂಡೆ ಬ್ಲ್ಯಾಕ್ ನ್ಯಾಬ್, 1976ರಲ್ಲಿ ಒಡೆದ ಮೀನುಗಾರಿಕಾ ಹಡಗೊಂದರ ತುಕ್ಕು ಹಿಡಿದ ಅವಶೇಷ, ಎರಡೂ ಇಳಿತದಲ್ಲಿ ಸಿಗುತ್ತವೆ. ಗುಡ್ಡದ ಬುಡ ಹಿಡಿದು ವಿಟ್‌ಬಿಯಿಂದ ನಡೆದು ಹೋಗಬೇಡಿ, ಭರತ ಏರಿದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಮೇಲಿನ ಕಾಲುದಾರಿಯಲ್ಲಿ ಹೋಗಿ ಕೊಲ್ಲಿಗೆ ಇಳಿದು, ನೀರು ತಿರುಗುವ ಮೊದಲೇ ಹತ್ತಿ ಬರಬೇಕು. ಉತ್ತರದ ಬಿರುಗಾಳಿಯ ದಿನ ಬಂದರಿನ ಕಟ್ಟೆಯ ಮೇಲೂ ಕಾಲಿಡಬಾರದು. ಅಲೆ ದೀಪಸ್ತಂಭಕ್ಕೆ ಅಪ್ಪಳಿಸುವ ಚಿತ್ರವನ್ನು ಗುಡ್ಡದ ಮೇಲಿಂದ ಉದ್ದ ಲೆನ್ಸಿನಲ್ಲೇ ತೆಗೆಯಬಹುದು. ಅಲ್ಲಿಗೂ ಉಪ್ಪಿನ ಹನಿ ಹಾರಿ ಬರುತ್ತದೆ. ಲೆನ್ಸ್ ಒರೆಸುವ ಮೊದಲು ಶುದ್ಧ ನೀರಲ್ಲಿ ಅದ್ದಿದ ಬಟ್ಟೆ ಬೇಕು. ಒಣ ಬಟ್ಟೆ ಉಪ್ಪನ್ನು ಗಾಜಿಗೆ ಉಜ್ಜುತ್ತದೆ.

ಈಚೆಗೆ ನಾನು ಹೆಚ್ಚು ಹೊತ್ತು ಕಳೆಯುವುದು ಸೇಂಟ್ ಮೇರಿ ಚರ್ಚಿನ ಸ್ಮಶಾನದಲ್ಲಿ. ಸಮಾಧಿಯ ಮರಳುಗಲ್ಲುಗಳನ್ನು ಉಪ್ಪುಗಾಳಿ ಜೇನುಗೂಡಿನಂತೆ ಕೊರೆದಿದೆ. ಕೆಲವದರಲ್ಲಿ ಹೆಸರಿನ ಅರ್ಧ ಉಳಿದಿದೆ, ಕೆಲವದರಲ್ಲಿ ಬರೀ ಅಂಚಿನ ಹೂಬಳ್ಳಿ. ನೇರ ಬೆಳಕಿನಲ್ಲಿ ಏನೂ ಕಾಣದ ಕಲ್ಲಿನಲ್ಲಿ, ಸಂಜೆ ಬೆಳಕು ಪಕ್ಕದಿಂದ ಸವರಿದಾಗ ಅಕ್ಷರಗಳ ಗುಳಿಯಲ್ಲಿ ನೆರಳು ನಿಂತು ಒಂದು ಹೆಸರೋ ಇಸವಿಯೋ ಮೇಲೇಳುತ್ತದೆ. ಮೋಡದ ದಿನವಾದರೆ ಸಣ್ಣ ಟಾರ್ಚನ್ನು ಕಲ್ಲಿಗೆ ಸಮಾನಾಂತರವಾಗಿ ಹಿಡಿದು ಅದೇ ಕೆಲಸ ಮಾಡಿಸುತ್ತೇನೆ. ಕಲ್ಲನ್ನು ಮುಟ್ಟುವುದಿಲ್ಲ, ಉಜ್ಜುವುದಿಲ್ಲ. ಈ ಗುಡ್ಡವೇ ಸ್ಥಿರವಲ್ಲ. 2012ರಲ್ಲಿ ಮಳೆಗೆ ಇಳಿಜಾರು ಕುಸಿದು ಕೆಳಗಿನ ಕೆಲವು ಮನೆಗಳನ್ನು ಕೆಡವಬೇಕಾಯಿತು. ಹೀಗಾಗಿ ಒಂದೇ ಕಲ್ಲನ್ನು ಪ್ರತಿ ವರ್ಷ ಅದೇ ಜಾಗದಿಂದ, ಅದೇ 50 ಎಂಎಂ ಲೆನ್ಸಿನಲ್ಲಿ, ಲೆನ್ಸಿನ ಕಿಂಡಿಯನ್ನು ಎಫ್8ಕ್ಕೆ ಇಟ್ಟು, ಅಳತೆಪಟ್ಟಿ ಇಟ್ಟು ಒಂದು, ಇಡದೆ ಒಂದು ತೆಗೆಯುತ್ತೇನೆ. ರಾ ಫೈಲ್‌ನ (ಕ್ಯಾಮೆರಾ ದಾಖಲಿಸಿದ ಮೂಲ ಕಡತ) ಜೊತೆ ದಿನಾಂಕ, ಹೊತ್ತು, ಕಲ್ಲು ಮುಖ ಮಾಡಿದ ದಿಕ್ಕು, ಆ ವರ್ಷ ಓದಲು ಸಿಕ್ಕಷ್ಟು ಅಕ್ಷರ, ಇಷ್ಟನ್ನೂ ಬರೆದಿಡುತ್ತೇನೆ.