ಟೋರ್ಟಿಯಾದ ಅಂಚು ಬಿರಿಯದಿರಲು
ಮೆಕ್ಕೆಜೋಳದ ಟೋರ್ಟಿಯಾ (ಮೆಕ್ಸಿಕೋದ ತೆಳು ರೊಟ್ಟಿ) ಒತ್ತುವಾಗ ಅಂಚು ಬಿರಿಯುತ್ತಿದ್ದರೆ, ಮಾಸಾ ಹರೀನಾ ಎಂಬ ಟೋರ್ಟಿಯಾದ ಮೆಕ್ಕೆಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಈ ಹಿಟ್ಟು ನೀರನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ; ಕಲಸಿದ ಕೂಡಲೇ ಮೆತ್ತಗೆ ಕಂಡದ್ದು ಆಮೇಲೆ ಬಿಗಿಯಾಗುತ್ತದೆ. ಹಾಗಾಗಿ ಒತ್ತುವ ಮೊದಲು ಸಣ್ಣ ಉಂಡೆಯೊಂದನ್ನು ಅಂಗೈಯಲ್ಲಿ ಅಮುಕಿ ನೋಡಿ: ಅಂಚು ಸೀಳಿದರೆ ಇನ್ನೊಂದು ಚಮಚ ನೀರು ಬೇಕು, ಕೈಗೆ ಅಂಟಿದರೆ ಸ್ವಲ್ಪ ಹಿಟ್ಟು. ಸಾಮಾನ್ಯ ಮೆಕ್ಕೆಜೋಳದ ಹಿಟ್ಟಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಎಷ್ಟು ಹೊತ್ತು ಬಿಟ್ಟರೂ. ಏಕೆಂದರೆ ಮಾಸಾ ಹರೀನಾಕ್ಕೆ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ ಅರೆದಿರುತ್ತಾರೆ. ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುವುದೂ ಟೋರ್ಟಿಯಾಕ್ಕೆ ಆ ಸೊಗಸಾದ ಪರಿಮಳ ಬರುವುದೂ ಅದರಿಂದಲೇ. ಕಾರ್ನ್ ಫ್ಲೋರ್ ಅಂತೂ ಬೇಡವೇ ಬೇಡ, ಅದು ಬರೀ ಪಿಷ್ಟ.