ಹೋಸು ಹಾಳಾಗುವುದು ಹಿಡಿಯ ಬುಡದಲ್ಲೇ

ಅಮೆರಿಕದ ಒಹಾಯೋ ರಾಜ್ಯದಲ್ಲಿರುವ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಈಗ 11 ಹಳೆಯ ವ್ಯಾಕ್ಯೂಮ್ ಕ್ಲೀನರುಗಳಿವೆ. ಎಲ್ಲವೂ ಕ್ಯಾನಿಸ್ಟರ್ ಮಾದರಿಯವು. ಅಂದರೆ ಮೋಟಾರು ಮತ್ತು ದೂಳಿನ ಚೀಲ ಒಂದು ಡಬ್ಬಿಯೊಳಗಿದ್ದು, ಅದರಿಂದ ಹೊರಟ ಬಳುಕುವ ಹೋಸಿನ ತುದಿಯಲ್ಲಿ ಕೊಳವೆಯೂ ಬ್ರಷ್ಷೂ ಇರುವಂಥವು. ಇವು ನನ್ನ ಕೈಗೆ ಬಂದಾಗ 9 ಯಂತ್ರಗಳ ಮೋಟಾರು ತಿರುಗುತ್ತಿತ್ತು. ಹೋಸು ನೆಟ್ಟಗಿದ್ದದ್ದು ಒಂದರಲ್ಲಿಯೂ ಇಲ್ಲ.

ಮೊದಮೊದಲು ನಾನೂ ಎಲ್ಲರಂತೆ ಮೋಟಾರಿನ ಹಿಂದೆ ಬಿದ್ದಿದ್ದೆ. ಆದರೆ ಮೋಟಾರಿಗೆ ಬೇಕಾಗುವುದು ಹೊಸ ಕಾರ್ಬನ್ ಬ್ರಷ್ಷು (ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ತುಂಡು), ಬೇರಿಂಗಿಗೆ ಒಂದಿಷ್ಟು ಗ್ರೀಸು, ಕೆಲವೊಮ್ಮೆ ಹೊಸ ವೈರು, ಅಷ್ಟೇ. ಹೋಸಿನ ಪಾಡು ಹಾಗಲ್ಲ. ದಿನವೂ ಅದನ್ನು ಎಳೆಯುತ್ತಾರೆ, ತಿರುಚುತ್ತಾರೆ, ಮೆಟ್ಟಿಲ ಮೇಲೆ ಉಜ್ಜುತ್ತಾರೆ, ಕೆಲಸ ಮುಗಿದ ಮೇಲೆ ಒಂದು ಮೊಳೆಗೆ ತೂಗುಹಾಕಿ ವರ್ಷಗಟ್ಟಲೆ ಮರೆತುಬಿಡುತ್ತಾರೆ. ನಾನು ಬಿಚ್ಚಿದ ಹೋಸುಗಳಲ್ಲಿ ಹೆಚ್ಚಿನವು ಒಂದೇ ಜಾಗದಲ್ಲಿ ಸೀಳಿದ್ದವು: ಹಿಡಿಯಿಂದ ಒಂದು ಗೇಣಿನೊಳಗೆ. ಗಟ್ಟಿಯಾದ ಲೋಹದ ತುದಿ ಮುಗಿದು ಬಳುಕುವ ಭಾಗ ಆರಂಭವಾಗುವ ಆ ಗೆರೆಯ ಮೇಲೆಯೇ ಬಾಗುವ ಬಲವೆಲ್ಲ ಬೀಳುತ್ತದೆ. ಇಸ್ತ್ರಿಪೆಟ್ಟಿಗೆಯ ವೈರು ಪೆಟ್ಟಿಗೆಯ ಬುಡದಲ್ಲಿಯೇ ಕಡಿಯುವುದೂ ಇದೇ ಕಾರಣಕ್ಕೆ. ಇದನ್ನು ಅರಿತ ಮೇಲೆ, ಕ್ಯಾನಿಸ್ಟರುಗಳ ಹೋಸು ಮತ್ತು ಹಿಡಿಗಳಲ್ಲಿ ಹಲವು ದಶಕಗಳ ಕಾಲ ಆದ ಬದಲಾವಣೆಗಳನ್ನು ಆ ಒಂದು ಗೇಣನ್ನು ಕಾಪಾಡುವ ಪ್ರಯತ್ನಗಳ ಸಾಲಾಗಿಯೇ ನಾನು ನೋಡತೊಡಗಿದೆ.

ನಾನು ಮೊದಲು ಕೈಹಾಕಿದ್ದು ಎಲೆಕ್ಟ್ರೋಲಕ್ಸ್ ಕಂಪನಿಯ ಮಾಡೆಲ್ 30ಕ್ಕೆ. ಅದರ ಹೆಸರನ್ನು ರೋಮನ್ ಅಂಕಿಯಲ್ಲಿ ಬರೆಯುವುದು ವಾಡಿಕೆ. ಅಡ್ಡ ಮಲಗಿಸಿದ ಉರುಳೆಯಂಥ ಡಬ್ಬಿಗೆ ಜಾರುಬಂಡಿಯಂತೆ ಎರಡು ಪಟ್ಟಿಗಳನ್ನು ಕೂಡಿಸಿ ನೆಲದ ಮೇಲೆ ಎಳೆದುಕೊಂಡು ಹೋಗುವ ಕ್ರಮವನ್ನು ಸ್ವೀಡನ್ನಿನ ಆಕ್ಸೆಲ್ ವೆನ್ನರ್-ಗ್ರೆನ್ ಅವರ ಕಂಪನಿ 1921ರ ಮಾಡೆಲ್ 5ರಿಂದ ಮನೆಮನೆಗೆ ತಲುಪಿಸಿತ್ತು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಓಲ್ಡ್ ಗ್ರೀನಿಚ್‌ನಲ್ಲಿ ತಯಾರಾದ ಮಾಡೆಲ್ 30 ಬಂದದ್ದು 1937ರಲ್ಲಿ. ರೈಲು ಎಂಜಿನ್ನಿನ ಮೂತಿಯನ್ನು ನೆನಪಿಸುವ ಅದರ ಹೊರರೂಪವನ್ನು ವಿನ್ಯಾಸಕಾರ ಲ್ಯುರೆಲ್ ಗಿಲ್ಡ್ ರೂಪಿಸಿದ್ದರು. ಇಂದು ಅದು ವಸ್ತುಸಂಗ್ರಹಾಲಯಗಳಲ್ಲಿಯೂ ಇದೆ. ಎಲ್ಲರೂ ಮೆಚ್ಚುವುದು ಅದರ ಮೈಯ ಹೊಳಪನ್ನು. ಅದರ ಹೋಸಿನ ಬಗ್ಗೆ ಯಾರೂ ಮಾತನಾಡುವುದಿಲ್ಲ ಎಂಬುದು ನನ್ನ ಹಳೆಯ ಕೊರಗು.

ಆ ಕಾಲದ ಹೋಸು ನಿಜಕ್ಕೂ ಒಂದು ನೇಯ್ಗೆಯ ಕೆಲಸ. ಒಳಗೆ ಉಕ್ಕಿನ ತಂತಿಯ ಸುರುಳಿ, ಅದಕ್ಕೆ ಅಂಟಿಕೊಂಡ ರಬ್ಬರಿನ ಪದರ, ಅದರ ಮೇಲೆ ಬಿಗಿಯಾಗಿ ಹೆಣೆದ ನೂಲಿನ ಹೊದಿಕೆ. ಗಾಳಿಯನ್ನು ಹೀರುವಾಗ ಹೊರಗಿನ ವಾಯುಭಾರ ಹೋಸನ್ನು ಚಪ್ಪಟೆ ಮಾಡದಂತೆ ತಡೆಯುವುದು ತಂತಿ. ಗಾಳಿ ಸೋರದಂತೆ ನೋಡಿಕೊಳ್ಳುವುದು ರಬ್ಬರು. ಉಜ್ಜಾಟವನ್ನು ತಾಳುವುದು ನೂಲು. ಇವುಗಳಲ್ಲಿ ಮೊದಲು ಸಾಯುವುದು ರಬ್ಬರು. ಅದು ಒಣಗಿ, ಬಿರಿದು, ಒಳಗೇ ಪುಡಿಯಾಗುತ್ತದೆ. ಹೊರಗಿನ ನೂಲು ಮಾತ್ರ ಚೆನ್ನಾಗಿಯೇ ಕಾಣುವುದರಿಂದ ಕೊಳ್ಳುವವರು ಮೋಸಹೋಗುತ್ತಾರೆ, ನಾನೂ ಹೋಗಿದ್ದೇನೆ.

ಸೋರಿಕೆಯನ್ನು ಪತ್ತೆಹಚ್ಚಲು ನಾನು ಈಗ ಅನುಸರಿಸುವ ಕ್ರಮ ಸರಳವಾದದ್ದು. ಮೊದಲು ಹೋಸಿಲ್ಲದೆ ಯಂತ್ರವನ್ನು ಓಡಿಸಿ, ಅದರ ಬಾಯನ್ನು ಅಂಗೈಯಿಂದ ಮುಚ್ಚುತ್ತೇನೆ. ಗಾಳಿಯ ಹರಿವು ನಿಂತೊಡನೆ ಫ್ಯಾನಿನ ಮೇಲಿನ ಹೊರೆ ಇಳಿದು ಮೋಟಾರಿನ ವೇಗ ಏರುತ್ತದೆ, ಅದರೊಡನೆ ಶ್ರುತಿಯೂ ಏರುತ್ತದೆ. ಆ ಶ್ರುತಿಯನ್ನು ನೆನಪಿನಲ್ಲಿಟ್ಟುಕೊಂಡು, ಹೋಸನ್ನು ಜೋಡಿಸಿ ಅದರ ತುದಿಯನ್ನು ಮುಚ್ಚಿದಾಗ ಶ್ರುತಿ ಅಷ್ಟೇ ಏರಿದರೆ ಹೋಸು ಗಟ್ಟಿಯಾಗಿದೆ ಎಂದರ್ಥ; ಏರದೆ ನಡುವೆ ನಿಂತರೆ ಎಲ್ಲೋ ಗಾಳಿ ಒಳನುಗ್ಗುತ್ತಿದೆ. ಎಲ್ಲಿ ಎಂಬುದನ್ನು ತೋರಿಸುವುದು ದೇವರ ಮನೆಯ ಊದುಬತ್ತಿ. ಅದನ್ನು ಹೋಸಿನ ಉದ್ದಕ್ಕೂ ಎರಡು ಬೆರಳು ದೂರದಲ್ಲಿ ನಿಧಾನವಾಗಿ ಸರಿಸಿದರೆ, ಬಿರುಕಿರುವ ಜಾಗದಲ್ಲಿ ಹೊಗೆಯ ಎಳೆ ಥಟ್ಟನೆ ಬಾಗಿ ನೂಲಿನೊಳಗೆ ಮಾಯವಾಗುತ್ತದೆ. ಕಿಡಿಯೂ ಒಳಗೆ ಸೇರದಂತೆ ಎಚ್ಚರ ವಹಿಸಬೇಕು, ಚೀಲವನ್ನು ಮೊದಲೇ ತೆಗೆದಿಡಬೇಕು. ನನ್ನ ಮಾಡೆಲ್ 30ರ ಹೋಸಿನಲ್ಲಿ ಹಿಡಿಯ ಬಳಿಯ ಒಂದು ಗೇಣಿನಲ್ಲಿಯೇ ಹೊಗೆ ಐದಾರು ಕಡೆ ಒಳಹೋಯಿತು.

ಮೊದಲ ದುರಸ್ತಿ ಕೆಟ್ಟಿತು. ಲೇಟೆಕ್ಸ್ ಎಂಬ ದ್ರವರೂಪದ ರಬ್ಬರನ್ನು ಹೋಸಿನೊಳಗೆ ಸುರಿದು, ಎರಡೂ ತುದಿಗಳನ್ನು ಮುಚ್ಚಿ, ಮಗುವನ್ನು ತೂಗಿದಂತೆ ಅರ್ಧ ಗಂಟೆ ತಿರುಗಿಸಿದೆ. ಒಣಗಿದಾಗ ಸೋರಿಕೆ ನಿಂತಿತ್ತು, ಶ್ರುತಿಯೂ ಸರಿಯಾಗಿಯೇ ಏರಿತು. ಆದರೆ ಲೇಟೆಕ್ಸು ತಂತಿಯ ಸುರುಳಿಗಳ ನಡುವಿನ ತಗ್ಗುಗಳಲ್ಲಿ ದಪ್ಪವಾಗಿ ನಿಂತಿದ್ದರಿಂದ ಹೋಸು ಬಳುಕುವುದನ್ನೇ ಮರೆತಿತ್ತು. ಒತ್ತಾಯದಿಂದ ಬಾಗಿಸಿದಾಗ ಒಳಪದರ ಸಿಪ್ಪೆಯಂತೆ ಎದ್ದು ಚೀಲಕ್ಕೆ ಬಂದು ಬಿತ್ತು. ಪುಡಿಯಾದ ರಬ್ಬರಿನ ಮೇಲೆ ಏನೂ ಅಂಟುವುದಿಲ್ಲ ಎಂಬುದು ಹೊಳೆಯಲು ನನಗೆ ಎರಡು ಡಬ್ಬಿ ಲೇಟೆಕ್ಸು ಖರ್ಚಾಯಿತು.

ಕೊನೆಗೆ ಹಳೆಯ ಲೋಹದ ತುದಿಗಳನ್ನು ಉಳಿಸಿಕೊಂಡು ನಡುವಿನ ಹೋಸನ್ನು ಬದಲಾಯಿಸುವ ದಾರಿ ಹಿಡಿದೆ. ಕತ್ತಿಯಿಂದ ನೂಲನ್ನು, ಕಟಿಂಗ್ ಪ್ಲೇಯರಿನಿಂದ ತಂತಿಯನ್ನು ಕತ್ತರಿಸಿ, ತುದಿಗಳ ಒಳಗೆ ಉಳಿದ ರಬ್ಬರನ್ನು ಕೆರೆದು, ಲೋಹವನ್ನು ಒಂದು ರಾತ್ರಿ ವಿನಿಗರಿನಲ್ಲಿ ನೆನೆಸಿ ತುಕ್ಕು ತೆಗೆದೆ. ಹೊಸದಾಗಿ ತಂದದ್ದು ತಂತಿಯ ಸುರುಳಿಯುಳ್ಳ, ಒಂದೂಕಾಲು ಇಂಚು ಒಳ ಅಳತೆಯ ವಿನೈಲ್ ಪ್ಲಾಸ್ಟಿಕ್ಕಿನ ಹೋಸು. ಇಂಥ ಹೋಸಿನ ಸುರುಳಿಯೇ ಒಂದು ಸ್ಕ್ರೂ. ತಕ್ಕ ಕಫ್ (ಹೋಸಿನ ತುದಿಗೆ ತೊಡಿಸುವ ಗಟ್ಟಿ ಭಾಗ) ಸಿಕ್ಕರೆ ಅಂಟೇ ಇಲ್ಲದೆ ತಿರುಗಿಸಿ ಕೂರಿಸಬಹುದು. ಕೆಲವು ಸುರುಳಿಗಳು ಎಡಕ್ಕೆ ತಿರುಗುತ್ತವೆಂಬುದನ್ನು ತಿಳಿಯದೆ ನಾನು ಒಂದು ಕಫನ್ನು ಬಲಕ್ಕೆ ತಿರುಚಿ ತಿರುಚಿ ಒಡೆದಿದ್ದೇನೆ. ಮಾಡೆಲ್ 30ರ ತುದಿಗಳಿಗೆ ಅಂಥ ಕಫ್ ಸಿಗದ ಕಾರಣ ಎಪಾಕ್ಸಿ ಹಚ್ಚಿ ಕೂರಿಸಿ, ಸೇರಿಕೆಯ ಮೇಲೆ ಬಿಸಿಗೆ ಕುಗ್ಗುವ ಕೊಳವೆಯನ್ನು ಎರಡು ಪದರ ಹಾಕಿದೆ: ಒಳಗಿನದು ಉದ್ದ, ಹೊರಗಿನದು ಗಿಡ್ಡ. ಹೀಗೆ ಮಾಡಿದಾಗ ಗಡಸು ಒಮ್ಮೆಗೇ ಮುಗಿಯದೆ ಮೆಲ್ಲಗೆ ಇಳಿಯುತ್ತದೆ, ಬಾಗು ಒಂದು ಗೆರೆಯ ಮೇಲೆ ಬೀಳದೆ ನಾಲ್ಕು ಬೆರಳಿನಷ್ಟು ಹರಡುತ್ತದೆ. ನೋಟಕ್ಕಾಗಿ ವಿನೈಲಿನ ಮೇಲೆ ಪಾಲಿಯೆಸ್ಟರ್ ಹೆಣಿಗೆಯ ತೋಳನ್ನು ತೊಡಿಸಿದೆ. ಹತ್ತಿರದಿಂದ ನೋಡಿದವರಿಗೆ ಗುಟ್ಟು ತಿಳಿಯುತ್ತದೆ.

ಆ ತುದಿಗಳನ್ನು ತೊಳೆಯುವಾಗಲೇ ಹಿಡಿಯ ಕಥೆ ಸ್ಪಷ್ಟವಾದದ್ದು. ಮಾಡೆಲ್ 30ರ ಕಾಲದಲ್ಲಿ ಹಿಡಿ ಎಂಬ ಬೇರೆ ಭಾಗವೇ ಇರಲಿಲ್ಲ ಎನ್ನಬಹುದು; ಹೋಸಿನ ತುದಿಯ ಬಾಗಿದ ಲೋಹದ ಕೊಳವೆಯೇ ಹಿಡಿ. ಆ ಬಾಗು ಅಂದಕ್ಕಾಗಿ ಬಂದದ್ದಲ್ಲ. ನೆಟ್ಟಗಿನ ಕೊಳವೆಯನ್ನು ಹಿಡಿದರೆ ಹೋಸು ಅದರ ಹಿಂದೆ ಥಟ್ಟನೆ ಕೆಳಕ್ಕೆ ಮಡಚಿಕೊಳ್ಳುತ್ತದೆ. ಕೊಳವೆಯೇ ಬಾಗಿದ್ದರೆ ಹೋಸು ಸಹಜವಾಗಿ ಇಳಿಯುತ್ತದೆ, ಮಣಿಕಟ್ಟೂ ತಿರುಚಿಕೊಳ್ಳುವುದಿಲ್ಲ. ಮುಂದೆ ಹಿಡಿಯ ಮೇಲೆ ಒಂದು ಸೀಳು ಮತ್ತು ಅದನ್ನು ಮುಚ್ಚಿ ತೆರೆಯುವ ಬಳೆ ಬಂತು. ಪರದೆಯ ಬಟ್ಟೆ ಬ್ರಷ್ಷಿಗೆ ಅಂಟಿಕೊಂಡಾಗ ಬಳೆಯನ್ನು ಸರಿಸಿದರೆ ಗಾಳಿ ಅಲ್ಲಿಂದ ನುಗ್ಗಿ ಹೀರುವಿಕೆ ತಗ್ಗುತ್ತದೆ. ಹಳೆಯ ಯಂತ್ರ ಕೊಂಡವರು ಹೀರುವಿಕೆ ಕಡಿಮೆ ಎಂದು ದೂರುವಾಗ ನಾನು ಮೊದಲು ನೋಡುವುದು ಈ ಬಳೆಯನ್ನು. ಸವೆದು ಸಡಿಲಾಗಿ ಅದು ತಾನಾಗಿಯೇ ತೆರೆದುಕೊಂಡಿರುತ್ತದೆ.

ತಿರುಚಿನ ಸಮಸ್ಯೆಗೆ ದೊಡ್ಡ ಉತ್ತರ ಬಂದದ್ದು ಹೋಸಿನ ಇನ್ನೊಂದು ತುದಿಯಲ್ಲಿ. ನಮ್ಮ ರಾಜ್ಯದ ನಾರ್ತ್ ಕ್ಯಾಂಟನ್ನಿನ ಹೂವರ್ ಕಂಪನಿ 1950ರ ದಶಕದಲ್ಲಿ ಹೊರತಂದ ಗೋಲಾಕಾರದ ಕಾನ್‌ಸ್ಟಲೇಶನ್ನಿನಲ್ಲಿ ಹೋಸು ನೆತ್ತಿಯ ನಡುವೆ ಕೂರುತ್ತದೆ ಮತ್ತು ಅಲ್ಲಿಯೇ ಸುತ್ತಲೂ ತಿರುಗುತ್ತದೆ. ಯಂತ್ರವನ್ನು ಕೋಣೆಯ ನಡುವೆ ಇಟ್ಟು ಸುತ್ತ ಗುಡಿಸಬಹುದು. ಅದರ ಹೋಸು ಎಳೆದರೆ ಎರಡು ಪಟ್ಟಿನಷ್ಟು ಉದ್ದವಾಗುವ, ಸ್ಪ್ರಿಂಗಿನಂಥ ಹೋಸು. ಇದರಲ್ಲಿ ಒಂದು ತಮಾಷೆಯಿದೆ: ಬ್ರಷ್ಷು ಕಾರ್ಪೆಟ್ಟಿಗೆ ಅಂಟಿ ಗಾಳಿ ನಿಂತೊಡನೆ ಹೊರಗಿನ ವಾಯುಭಾರ ಹೋಸನ್ನು ಕುಗ್ಗಿಸುತ್ತದೆ, ಕೈಯಲ್ಲಿರುವ ಕೊಳವೆ ಹಿಂದಕ್ಕೆ ಜಗ್ಗುತ್ತದೆ. ತಾನೇ ಹೊರಬಿಡುವ ಗಾಳಿಯ ಮೇಲೆ ತೇಲುವ ಮಾದರಿಯಾದರೆ ನೆಲದ ತಡೆಯೂ ಇಲ್ಲದೆ ಯಂತ್ರವೇ ಹಿಂದಿನಿಂದ ಬಂದು ಹಿಮ್ಮಡಿಗೆ ಬಡಿಯುತ್ತದೆ. ಆದರೂ ತಿರುಗುವ ಬುಡವುಳ್ಳ ಹೋಸುಗಳು ಹಿಡಿಯ ಬಳಿ ಸೀಳುವುದು ಕಡಿಮೆ ಎಂಬುದು ನನ್ನ ಅನುಭವ.

ವಿನೈಲ್ ಬಂದ ಮೇಲೆ ಹೋಸು ಹಗುರವಾಯಿತು, ಅಗ್ಗವಾಯಿತು. ಜೊತೆಗೆ ಚಳಿಗಾಲದ ಒಣಹವೆಯಲ್ಲಿ ದೂಳು ಅದರೊಳಗೆ ಉಜ್ಜಿಕೊಂಡು ಹೋಗುವಾಗ ಹುಟ್ಟುವ ಸ್ಥಿರವಿದ್ಯುತ್ತು ಹಿಡಿಯಲ್ಲಿ ಚಟ್ಟೆಂದು ಹೊಡೆಯತೊಡಗಿತು. ಹಿಡಿಯೂ ಪ್ಲಾಸ್ಟಿಕ್ಕಾಗಿ, ಪಿಸ್ತೂಲಿನ ಆಕಾರ ತಳೆದು, ಬೆರಳಿಗೆ ಸಿಗುವಂತೆ ಸ್ವಿಚ್ಚನ್ನೂ ಪಡೆಯಿತು. ಕಾರ್ಪೆಟ್ಟಿಗಾಗಿ ಬ್ರಷ್ಷಿನೊಳಗೇ ಇನ್ನೊಂದು ಮೋಟಾರು ಸೇರಿದಾಗ ಅದಕ್ಕೆ ವಿದ್ಯುತ್ತನ್ನು ಒಯ್ಯುವ ಕೆಲಸವೂ ಹೋಸಿನ ತಲೆಯ ಮೇಲೆ ಬಿತ್ತು: ಮೊದಲು ಹೊರಗೆ ಕ್ಲಿಪ್ಪು ಹಾಕಿದ ವೈರಿನ ಮೂಲಕ, ಆಮೇಲೆ ಹೋಸಿನ ಗೋಡೆಯೊಳಗಿನ ತಂತಿಯ ಸುರುಳಿಗಳ ಮೂಲಕವೇ. ಹೀಗೆ ಆಕಾರ ಕೊಡುತ್ತಿದ್ದ ತಂತಿಯಲ್ಲಿ 120 ವೋಲ್ಟು ಹರಿಯತೊಡಗಿದ ಮೇಲೆ ಹಿಡಿಯ ಬುಡದಲ್ಲಿ ತಂತಿ ಕಡಿದರೆ ಅಲ್ಲಿ ಕಿಡಿ ಹಾರಬಹುದು, ವಿನೈಲ್ ಕರಗಬಹುದು. ಬ್ರಷ್ಷು ನಿಂತು ನಿಂತು ತಿರುಗುವುದು ಇದರ ಮೊದಲ ಸೂಚನೆ. ಈ ಜಾತಿಯ ಹೋಸನ್ನು ನಾನು ದುರಸ್ತಿ ಮಾಡುವುದಿಲ್ಲ. ಮಲ್ಟಿಮೀಟರಿನಲ್ಲಿ ತಂತಿ ಕಡಿದದ್ದು ಕಂಡರೆ ಪ್ಲಗ್ಗಿನ ಪಿನ್ನುಗಳನ್ನು ತೆಗೆದು, ಬರೀ ಗಾಳಿಯ ಹೋಸಾಗಿ ಬಳಸುತ್ತೇನೆ.

ಹೋಸನ್ನು ಇಡುವ ಕ್ರಮವನ್ನು ನಾನು ಕಲಿತದ್ದು ಮಾತ್ರ ಮೈಸೂರಿನ ನಮ್ಮ ಮನೆಯಲ್ಲಿ. ಭಾರತದಲ್ಲಿ ಫೋರ್ಬ್ಸ್ ಮತ್ತು ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಸೇರಿ 1982ರಲ್ಲಿ ಯುರೇಕಾ ಫೋರ್ಬ್ಸ್ ಆರಂಭಿಸಿದ ಮೇಲೆ, ಅಮೆರಿಕದಲ್ಲಿ ಹಿಂದೆ ನಡೆದಂತೆಯೇ ಅಲ್ಲಿಯೂ ಟೈ ಕಟ್ಟಿದ ಹುಡುಗರು ಮನೆಬಾಗಿಲಿಗೆ ಬಂದು ಯಂತ್ರವನ್ನು ಓಡಿಸಿ ತೋರಿಸುತ್ತಿದ್ದರು. ಹಾಗೆ ಕೊಂಡ ಯಂತ್ರದ ಹೋಸನ್ನು ಅಮ್ಮ ಎಂದೂ ಮೊಳೆಗೆ ಹಾಕಲಿಲ್ಲ. ಸಿಂಬಿಯಂತೆ ಅಗಲವಾಗಿ ಸುತ್ತಿ ಹಳೆಯ ಬಿದಿರಿನ ಬುಟ್ಟಿಯಲ್ಲಿ ಇಡುತ್ತಿದ್ದರು. "ಹಿಡಿ ಮೇಲಿರಲಿ ಕಣೋ, ಅದರ ಕತ್ತು ಮಡಚಬೇಡ," ಎನ್ನುತ್ತಿದ್ದರು. ನೆಲಮಾಳಿಗೆಯಲ್ಲಿ ಈಗ ನನ್ನ ಹೋಸುಗಳು ಮಲಗಿರುವುದು ಭಾರತೀಯ ಅಂಗಡಿಯಿಂದ ತಂದ ಅಗಲವಾದ ಬುಟ್ಟಿಗಳಲ್ಲಿ, ಪ್ರತಿಯೊಂದರ ಹಿಡಿಯೂ ಅಂಚಿನ ಮೇಲೆ ತಲೆಯಿಟ್ಟುಕೊಂಡು.