ಕಡ್ಡಿ, ಸುಣ್ಣ, ಎರಡು ಮೂಟೆ ಹಿಂಡಿ: ಭಾವನಿಗೆ ಗಾಡಿ ಆರಿಸಿದ ನನ್ನ ಅನುಭವ

2025ರ ಪುನರ್ವಸು ಮಳೆ. ಭಾವನ ಹೊಸ ಗಾಡಿ ನಾಲ್ಕು ಜನರನ್ನೂ ಎರಡು ಮೂಟೆ ಹಿಂಡಿಯನ್ನೂ ಹೊತ್ತು ಅವರ ಮನೆಯ ಏರು ಹತ್ತಿತು. ಎಲ್ಲೂ ನಿಲ್ಲಲಿಲ್ಲ. ಅಂಗಳಕ್ಕೆ ಬಂದವರೇ ಭಾವ ಕೊಡೆ ಸಹ ಬಿಡಿಸದೆ ಇಳಿದು, ಬಗ್ಗಿ ಗಾಡಿಯ ಅಡಿ ನೋಡಿ, "ತಾಗ್ಲೇ ಇಲ್ಲ ಮಾರಾಯ" ಅಂದರು. ಮೂರು ವರ್ಷದಿಂದ ಗಾಡಿಯ ಅಡಿ ಅಳೆಯುವ ನನ್ನ ಕಡ್ಡಿ ಕಟ್ಟು, ಸುಣ್ಣದ ಡಬ್ಬಿ ಕಂಡಾಗಲೆಲ್ಲ "ಎಂತ, ಗಾಡಿಗೆ ಭೂತ ಬಿಡಿಸ್ತೀಯಾ?" ಅಂತ ನಕ್ಕವರೂ ಇದೇ ಭಾವ. ಹಾಗಾಗಿ ಇದನ್ನು ಬರೆದೇ ಬಿಡೋಣ ಅನ್ನಿಸಿತು.

ನಮ್ಮದು ಹೊಸನಗರ ತಾಲೂಕು, ನಗರ ಅನ್ನುವ ಊರಿನ ಆಚೆ. ಡಾಂಬರು ಬಿಟ್ಟ ಮೇಲೆ ಮನೆಗೆ ಒಂದೂಕಾಲು ಕಿ.ಮೀ. ಮಣ್ಣು ದಾರಿ. ನಡುವೆ ಒಂದು ಸಂಕ, ಅಂದರೆ ಹಳ್ಳದ ಸಣ್ಣ ಸೇತುವೆ, ಅದನ್ನು ದಾಟಿದ ಕೂಡಲೇ ಜಂಬಿಟ್ಟಿಗೆ (ಕೆಂಪು ಕಲ್ಲು) ಎದ್ದ ಏರು. ಈ ಕಡೆಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. 2016ರಲ್ಲಿ ಗಾಡಿ ತಗೊಂಡಾಗ ನಾನೂ ಎಲ್ಲರ ಹಾಗೇ ಶಿವಮೊಗ್ಗಕ್ಕೆ ಹೋದೆ, ಸವಳಂಗ ರಸ್ತೆಯಲ್ಲಿ ನಾಲ್ಕು ಕಿ.ಮೀ. ಓಡಿಸಿದೆ, ಎಸಿ ತಣ್ಣಗಿತ್ತು, ಅಡ್ವಾನ್ಸ್ ಕೊಟ್ಟೆ. ಮೊದಲ ಮಳೆಗಾಲದಲ್ಲೇ ಇಂಜಿನ್ನಿನ ಅಡಿಯ ಆಯಿಲ್ ಸಂಪ್ ಕಲ್ಲಿಗೆ ಹೊಡೆದು ಒಡೆಯಿತು. ಎಳೆದುಕೊಂಡು ಹೋಗಿದ್ದಕ್ಕೆ ನಾಲ್ಕೂವರೆ ಸಾವಿರ, ರಿಪೇರಿಗೆ ಹದಿನೆಂಟೋ ಹತ್ತೊಂಬತ್ತೋ ಸಾವಿರ. 23 ಸಾವಿರ ಕಿ.ಮೀ.ಗೆ ಕ್ಲಚ್ ಪ್ಲೇಟ್ ಹೋಯಿತು, ಅದಕ್ಕೆ ಹದಿನಾಲ್ಕು ಸಾವಿರ. ಐದನೇ ವರ್ಷಕ್ಕೆ ಮಾರಿದಾಗ ಕೈಗೆ ಬಂದಿದ್ದು ಮೂರು ಲಕ್ಷಕ್ಕೂ ಕಮ್ಮಿ. ಗಾಡಿಯ ಹೆಸರು ಬೇಡ. ಸವಳಂಗ ರಸ್ತೆಯಲ್ಲಿ ನೋಡಿ ನಗರದ ಏರಿಗೆ ತಂದವನು ನಾನೇ.

ಎರಡನೇ ಸಲ ಹಾಗಾಗಬಾರದು ಅಂತ ಹೊರಟಿದ್ದು ಈ ಪ್ರಯೋಗ. ಮೂರು ವರ್ಷದಲ್ಲಿ ಹದಿಮೂರು ಗಾಡಿ ನೋಡಿದೆ, ಎಲ್ಲ ನಾಲ್ಕು ಮೀಟರ್ ಒಳಗಿನ ಸಣ್ಣ ಎಸ್‌ಯುವಿಗಳೇ. ಶೋರೂಮಿನ ಗಾಡಿ ಮೂರೋ ನಾಲ್ಕೋ ಇರಬಹುದು. ಉಳಿದದ್ದೆಲ್ಲ ನೆಂಟರದ್ದು, ಪರಿಚಯದ ಟ್ಯಾಕ್ಸಿಯವರದ್ದು. ಅರವತ್ತು ಸಾವಿರ ಓಡಿದ ಟ್ಯಾಕ್ಸಿ ಒಂದು ದಿನಕ್ಕೆ ಸಿಕ್ಕಿದರೆ ಹತ್ತು ಟೆಸ್ಟ್ ಡ್ರೈವಿಗೆ ಸಮ. ಯಾವುದು ಕಿರ್‌ಗುಡುತ್ತದೆ, ಯಾವ ಬಾಗಿಲು ಜೋತುಬಿದ್ದಿದೆ ಎಲ್ಲ ಅದೇ ಹೇಳುತ್ತದೆ. ಟ್ಯಾಂಕ್ ಫುಲ್ ಮಾಡಿಸಿ ವಾಪಸ್ ಕೊಟ್ಟರೆ ಯಾರೂ ಇಲ್ಲ ಅನ್ನುವುದಿಲ್ಲ. ಶೋರೂಮಿನ ಗಾಡಿಯನ್ನು ಒಂದು ರಾತ್ರಿ ನಮ್ಮೂರಲ್ಲಿ ಉಳಿಸಿಕೊಂಡದ್ದು ಹೇಗೆ ಅಂತ ಮಾತ್ರ ಕೇಳಬೇಡಿ. ಎಲ್ಲರೂ ಅದನ್ನೇ ಶುರು ಮಾಡಿದರೆ ನನಗೆ ಮುಂದಿನ ಸಲ ಸಿಗುವುದಿಲ್ಲ.

ಮೊದಲು ಅಡಿಯ ಎತ್ತರ. ಕಂಪನಿ ಕೊಡುವ ಅಂಕಿ ಎಲ್ಲರಿಗೂ ಬಾಯಿಪಾಠ: ಟಾಟಾ ಪಂಚ್ 187 ಮಿ.ಮೀ., ಎಕ್ಸ್‌ಟರ್ 185, ಮ್ಯಾಗ್ನೈಟ್ 205, ನೆಕ್ಸಾನ್ 208. ಇಂಥ ಅಂಕಿ ಬಹುಪಾಲು ಖಾಲಿ ಗಾಡಿಯದ್ದು. ನಮ್ಮ ಗಾಡಿ ಖಾಲಿ ಬರುವುದು ಯಾವಾಗ? ಹಾಗಾಗಿ ಲೋಡ್ ಹಾಕಿ ಅಳೆಯಬೇಕು ಅಂತ ಹೊರಟೆ. ಟೇಪ್ ಹಿಡಿದು ಅಡಿಗೆ ತೂರಿದ್ದು ಮೊದಲ ದಡ್ಡತನ. ಎರಡು ಉಂಬಳ (ಜಿಗಣೆ) ಹತ್ತಿದ್ದು ಬಿಟ್ಟರೆ ಏನೂ ಸಿಗಲಿಲ್ಲ, ಯಾಕಂದರೆ ಗಾಡಿ ನಿಂತಾಗ ತಾಗುವ ಜಾಗ ಬೇರೆ, ಚಲಿಸುವಾಗ ತಾಗುವ ಜಾಗ ಬೇರೆ. ಆಮೇಲೆ ಬಿದಿರು ಸೀಳಿ 13 ಸೆಂ.ಮೀ.ನಿಂದ 20ರವರೆಗೆ ಎಂಟು ಕಡ್ಡಿ ಮಾಡಿದೆ. ಅಡಿಕೆ ಮರ ಸೀಳಿದ ದಬ್ಬೆಗೆ ತೂತು ಕೊರೆದು ಅದರಲ್ಲಿ ನಿಲ್ಲಿಸಿದೆ. ದಬ್ಬೆಯ ದಪ್ಪವನ್ನೇ ಲೆಕ್ಕಕ್ಕೆ ಹಿಡಿಯದೆ ಎರಡು ಗಾಡಿಯ ಅಳತೆ ಪೂರ್ತಿ ಕೆಟ್ಟಿತು! ಒಂದು ಒಳ್ಳೆ ಗಾಡಿಯನ್ನು "ಇದು ಆಗಲ್ಲ" ಅಂತ ವಾಪಸ್ ಕಳಿಸಿದ್ದೆ. ಪಾಪ, ಈಗಲೂ ಆ ಯಜಮಾನರು ಸಿಕ್ಕರೆ ಮುಖ ತಪ್ಪಿಸುತ್ತೇನೆ.

ಈಗ ಮಾಡುವುದು ಇಷ್ಟು. ಕಣದ ಮಣ್ಣನ್ನು ಹದ ಮಾಡಿ ಕಡ್ಡಿಗಳನ್ನು ನೇರ ಅಲ್ಲೇ ನೆಡುತ್ತೇನೆ, ತುದಿಗೆ ಹಸಿ ಸುಣ್ಣ ಹಚ್ಚುತ್ತೇನೆ. ಗಾಡಿ ನಿಧಾನ ಮೇಲೆ ಹಾಯಬೇಕು. ಬಿದ್ದ ಕಡ್ಡಿಗಳಲ್ಲಿ ಗಿಡ್ಡದು ಯಾವುದೋ ಅದೇ ಲೋಡ್ ಹಾಕಿದ ಗಾಡಿಯ ಎತ್ತರ. ಸುಣ್ಣದ ಬೊಟ್ಟು ಎಲ್ಲಿ ಹತ್ತಿದೆ ಅನ್ನುವುದು ಅದಕ್ಕಿಂತ ಮುಖ್ಯ. ಮುಂದಿನ ಬಂಪರಿನ ಕೆಳಗಿನ ಪ್ಲಾಸ್ಟಿಕ್ಕಿಗೆ ಹತ್ತಿದರೆ ತಲೆ ಕೆಡಿಸಿಕೊಳ್ಳುವುದಿಲ್ಲ, ಕಿತ್ತು ಬಂದರೆ ಕಟ್ಟಬಹುದು. ಸೈಲೆನ್ಸರ್ ಬೆಂಡಿಗೋ ಸಂಪಿನ ಹತ್ತಿರವೋ ಹತ್ತಿದರೆ ಆ ಗಾಡಿ ನಮಗಲ್ಲ. ಪುಸ್ತಕದಲ್ಲಿ ಎರಡು ಸೆಂ.ಮೀ. ವ್ಯತ್ಯಾಸವಿದ್ದ ಎರಡು ಗಾಡಿಗಳು ನಾಲ್ಕು ಜನ, ಎರಡು ಮೂಟೆ ಹಾಕಿದಾಗ ಒಂದೇ 16ರ ಕಡ್ಡಿ ಬೀಳಿಸಿದವು. ಒಂದರ ಹಿಂದಿನ ಸ್ಪ್ರಿಂಗ್ ಅಷ್ಟು ಮೆತ್ತಗಿತ್ತು. ಇದನ್ನು ಭಾವನಿಗೆ ಹೇಳಿದರೆ, "ಕಂಪನಿ ಇಂಜಿನಿಯರ್‌ಗಿಂತ ನಿನ್ನ ಬಿದಿರು ದೊಡ್ಡದಾ?" ಅಂದಿದ್ದರು.

ಲೋಡ್ ವಿಷಯದಲ್ಲೂ ಪೆಟ್ಟು ತಿಂದಿದ್ದೇನೆ. ಮೊದಲು ಮರಳಿನ ಚೀಲ ಹಾಕಿದೆ. ಒಂದು ಚೀಲ ಡಿಕ್ಕಿಯಲ್ಲಿ ಹರಿದು, ಸೀಟಿನ ಹಳಿಯವರೆಗೂ ಮರಳು ಹೋಗಿ, ಕ್ಲೀನಿಂಗಿಗೆ ಒಂದೂವರೆ ಸಾವಿರ ದಂಡ. ಈಗ ಮನುಷ್ಯರೇ. ಅಡಿಕೆ ತೂಗುವ ಮಾಪಕದ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿ ತೂಗಿ ಬರೆದಿಟ್ಟುಕೊಂಡಿದ್ದೇನೆ. ಅಕ್ಕ ಮಾತ್ರ ಒಪ್ಪಲಿಲ್ಲ, "ಅರವತ್ತು ಅಂತ ಬರ್ಕೊ" ಅಂದಳು. ಬರಕೊಂಡೆ.

ಕಡ್ಡಿ ಪರೀಕ್ಷೆ ಪಾಸಾದರೂ ಮೊದಲ ಎರಡು ಮನೆಯವರಿಗೆ ನಾನು ಆರಿಸಿಕೊಟ್ಟ ಗಾಡಿ ಜೂನ್‌ನಲ್ಲಿ ಕೈ ಕೊಟ್ಟಿತು. ಊರಲ್ಲಿ ನನ್ನ ಮಾನ ಹೋಗಿದ್ದು ಆವಾಗಲೇ. ಕಾರಣ ಸರಳ, ನಾನು ನೋಡಿದ್ದು ಮಾರ್ಚ್‌ನಲ್ಲಿ, ಒಣ ದಾರಿಯಲ್ಲಿ. ಬೊಲೆರೊ, ಜೀಪು ಓಡಿಸಿದವರಿಗೆ ಹಿಂದಿನ ಚಕ್ರ ತಳ್ಳುವ ಅಭ್ಯಾಸ. ಈ ಸಣ್ಣ ಎಸ್‌ಯುವಿಗಳು ನೋಡಲಿಕ್ಕೆ ಜೀಪಿನ ಗತ್ತು, ಎಳೆಯುವುದು ಮುಂದಿನ ಚಕ್ರ. ಡಿಕ್ಕಿಗೆ ಹಿಂಡಿ ಮೂಟೆ ಹಾಕಿ ಏರು ಹತ್ತಿಸಿದರೆ ಭಾರವೆಲ್ಲ ಹಿಂದಕ್ಕೆ ಬಿದ್ದು ಮೂತಿ ಹಗುರಾಗುತ್ತದೆ, ಪಾಚಿ ಕಟ್ಟಿದ ಜಂಬಿಟ್ಟಿಗೆ ಮೇಲೆ ಚಕ್ರ ಸುಮ್ಮನೆ ತಿರುಗುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ ಇದ್ದರೆ ಅದು ಚಕ್ರ ತಿರುಗುವುದು ಕಂಡು ಇಂಜಿನ್ನಿನ ಶಕ್ತಿಯನ್ನೇ ಕಟ್ ಮಾಡುತ್ತದೆ, ಗಾಡಿ ನಡುದಾರಿಯಲ್ಲಿ ಸೋತು ನಿಲ್ಲುತ್ತದೆ. ಹಾಗಾಗಿ ಅದನ್ನು ಆಫ್ ಮಾಡುವ ಗುಂಡಿ ಕೈಗೆ ಸಿಗುವ ಹಾಗಿದೆಯಾ, ಸ್ಕ್ರೀನಿನ ಯಾವುದೋ ಮೂಲೆಯಲ್ಲಿ ಅಡಗಿದೆಯಾ ಅಂತ ಮೊದಲೇ ನೋಡುತ್ತೇನೆ.

ಈಗ ಬೇಸಿಗೆಯಲ್ಲೂ ಮಳೆಗಾಲ ಮಾಡುತ್ತೇನೆ. ತೋಟದ ಸ್ಪ್ರಿಂಕ್ಲರ್ ಜೆಟ್ ಎರಡನ್ನು ಏರಿನ ಕಡೆ ತಿರುಗಿಸಿ ನಾಲ್ಕು ಗಂಟೆ ಬಿಡುವುದು. ಏಪ್ರಿಲ್‌ನಲ್ಲಿ ಹೊಂಡದ ನೀರು ಹೀಗೆ ದಾರಿಗೆ ಬಿಡುವುದು ನೋಡಿ ಅಪ್ಪಯ್ಯ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆದರೆ ಒಂದೇ ವಾರದಲ್ಲಿ ಮೂರು ಗಾಡಿಯ ಬಣ್ಣ ಬಯಲಾಯಿತು. ಒಂದರ ಮೂತಿ ದಾರಿ ಬದಿಯ ಧರೆಗೆ ಹೋಗಿ ಒರೆಸಿತು, ಬಂಪರ್ ಪೇಂಟಿಗೆ ಆರು ಸಾವಿರ ಕೊಟ್ಟೆ. ಇದೇ ನೆಪದಲ್ಲಿ ಹಿಮ್ಮುಖವಾಗಿ ಹತ್ತಿಸಿಯೂ ನೋಡಿದೆ. ಮುಂದೆ ಹೋಗಿ ಸೋತ ಗಾಡಿ ರಿವರ್ಸಿನಲ್ಲಿ ಸಲೀಸಾಗಿ ಹತ್ತಿತು, ಎಳೆಯುವ ಚಕ್ರ ಕೆಳಗಡೆ ಆಗಿ ಭಾರ ಅದರ ಮೇಲೇ ಬೀಳುತ್ತದಲ್ಲ. ಹಳೇ ಡ್ರೈವರುಗಳಿಗೆ ಇದು ಗೊತ್ತು. ರಾತ್ರಿ ಹೊತ್ತು, ಮಳೆಯಲ್ಲಿ, ಕುತ್ತಿಗೆ ತಿರುಗಿಸಿಕೊಂಡು ಹತ್ತಿಸುವುದು ಬೇರೆ ಕತೆ.

ಸಿಗಂದೂರಿಗೆ ಹೋಗುವಾಗ ಹಿನ್ನೀರು ದಾಟಿಸುವ ಲಾಂಚಿಗೆ ಹತ್ತಿಸುವ ಜಾಗವೂ ನನಗೆ ಒಂದು ಒಳ್ಳೆ ಪರೀಕ್ಷೆಯಾಗಿತ್ತು, ಗಾಡಿಯ ಮೂತಿ ಅಥವಾ ಬಾಲ ಎಲ್ಲಿ ತಾಗುತ್ತದೆ ಅನ್ನುವುದು ಅಲ್ಲೇ ಗೊತ್ತಾಗುತ್ತಿತ್ತು. 2025ರ ಜುಲೈ 14ಕ್ಕೆ ಸೇತುವೆ ಆಯಿತು, ಹಿನ್ನೀರಿನ ಮೇಲೆ ಎರಡೂವರೆ ಕಿ.ಮೀ. ಹತ್ತಿರ ಸಪಾಟು ದಾರಿ. ಜನರಿಗೆ ಅನುಕೂಲ ಆಯಿತು, ನನಗೆ ಒಂದು ಪರೀಕ್ಷೆ ಹೋಯಿತು.

ಮುಂದಿನದು ಘಾಟಿ. ಮಣಿಪಾಲ ಆಸ್ಪತ್ರೆಗೆ ನಾವು ಇಳಿಯುವುದು ಹುಲಿಕಲ್ ಘಾಟಿಯಲ್ಲಿ, ಹಾಗಾಗಿ ಹೊಸಂಗಡಿಯಿಂದ ಮಾಸ್ತಿಕಟ್ಟೆಗೆ ಎಸಿ ಹಾಕಿಕೊಂಡು, ಹಿಂದೆ ಮೂವರನ್ನು ಕೂರಿಸಿಕೊಂಡು ಹತ್ತುವುದು. ಆಗುಂಬೆಯ 14 ತಿರುವೂ ಆಗಬಹುದು, ಆದರೆ ಅಲ್ಲಿ ನಿಂತು ಫೋಟೊ ತೆಗೆಯುವವರ ನಡುವೆ ಗಾಡಿ ಓಡಿಸುವುದೇ ಕಷ್ಟ. ನೋಡಬೇಕಾದ್ದು ಒಂದೇ: ಹೇರ್‌ಪಿನ್ ತಿರುವಿನಲ್ಲಿ ಎರಡನೇ ಗೇರು ಸಾಕಾಗುತ್ತದಾ? ಒಂದು ಲೀಟರಿನ ಟರ್ಬೊಗಳು ಹೈವೇಯಲ್ಲಿ ಹಾರುತ್ತವೆ, ತಿರುವಿನಲ್ಲಿ ಇಂಜಿನ್ 1,800 ಆರ್‌ಪಿಎಂಗಿಂತ ಕೆಳಗೆ ಬಿದ್ದರೆ ಟರ್ಬೊ ಎಚ್ಚರವಾಗುವವರೆಗೆ ಉಸಿರು ಹಿಡಿದು ಕೂರಬೇಕು. ಟರ್ಬೊ ಇಲ್ಲದ 1.2 ಲೀಟರಿನವು ಅಲ್ಲಿ ಹೇಳಿದ ಮಾತು ಕೇಳುತ್ತವೆ, ಆದರೆ ಫುಲ್ ಲೋಡಿಗೆ ಮೊದಲನೇ ಗೇರಿನಲ್ಲೇ ಗೋಳಾಡುತ್ತವೆ. ಗೇರು ತಾನೇ ಬದಲಿಸುವ ಎಎಂಟಿಯಲ್ಲಿ ಎರಡು ಸಲ ಕ್ಲಚ್ ಸುಟ್ಟ ವಾಸನೆ ಬಂತು, ಗೇರನ್ನು ಮ್ಯಾನುವಲ್ಲಿಗೆ ಹಾಕಿದ ಮೇಲೆ ನಿಂತಿತು. ಕ್ಲಚ್ ಪೆಡಲ್ ಇಲ್ಲ ಅಂದ ಮಾತ್ರಕ್ಕೆ ಒಳಗೆ ಕ್ಲಚ್ ಇಲ್ಲ ಅಂತಲ್ಲ.

ಡೀಸೆಲ್ ಕೇಳುವವರಿಗೆ ಒಂದೇ ಮಾತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಿತಿಯ ನಿಯಮ) ಡೀಸೆಲ್‌ಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ, ಅದು ತನ್ನಷ್ಟಕ್ಕೆ ಸುಟ್ಟು ಕ್ಲೀನ್ ಆಗಲಿಕ್ಕೆ ಗಾಡಿ ಉದ್ದಕ್ಕೆ, ಬಿಸಿಯಾಗಿ ಓಡಬೇಕು. ದಿನಾ ಡೈರಿಗೆ ನಾಲ್ಕು ಕಿ.ಮೀ. ಹೋಗಿ ಬರುವವರಿಗೆ ಬೇಡ. ಮೈಲೇಜ್ ನಾನು ಟ್ಯಾಂಕಿನಿಂದ ಟ್ಯಾಂಕಿಗೆ ಮಾತ್ರ ಲೆಕ್ಕ ಹಾಕುವುದು. ಪೆಟ್ರೋಲ್ ಗಾಡಿಗಳು ಪುಸ್ತಕದಲ್ಲಿ 18-20 ಅನ್ನುತ್ತವೆ, ನಮ್ಮ ಕಡೆ ಹನ್ನೆರಡೂವರೆಯಿಂದ ಹದಿನಾಲ್ಕು ಬಂದರೆ ಒಳ್ಳೆಯದು. ಡಿಕ್ಕಿ ಹೊಡೆಸಿ ನೋಡುವುದು ನನ್ನ ಕೈಲಾಗದ್ದು, ಅದಕ್ಕೆ ಭಾರತ್ ಎನ್‌ಕ್ಯಾಪ್ ಅನ್ನುವ ಸುರಕ್ಷತಾ ಪರೀಕ್ಷೆಯ ಸ್ಟಾರ್ ನೋಡುತ್ತೇನೆ. 2023ರ ಅಕ್ಟೋಬರ್‌ನಿಂದ ನಮ್ಮಲ್ಲೇ ಪರೀಕ್ಷೆ ನಡೆಯುತ್ತಿದೆ. ಅಕ್ಕ ಆರು ಏರ್‌ಬ್ಯಾಗ್ ಇಲ್ಲದಿದ್ದರೆ ಕೂರುವುದೇ ಇಲ್ಲ ಅಂದಿದ್ದರಿಂದ ಅಲ್ಲಿ ಚರ್ಚೆಗೆ ಜಾಗವೇ ಇರಲಿಲ್ಲ.

ದುಡ್ಡಿನ ವಿಷಯದಲ್ಲಿ ನನಗೆ ಭಾವನ ಹತ್ತಿರ ಅರ್ಧ ಹೆಸರು, ಅರ್ಧ ಬೈಗುಳ. ಹೆಸರು ಬಂದಿದ್ದು ಹೀಗೆ. ಅವರು ಮನಸ್ಸು ಮಾಡಿದ್ದ ವೇರಿಯೆಂಟ್ ಎಕ್ಸ್‌ಶೋರೂಮ್ ಹತ್ತು ಲಕ್ಷದ ಗೆರೆಯನ್ನು ಸ್ವಲ್ಪ ದಾಟಿತ್ತು, ಸನ್‌ರೂಫ್ ಒಂದರ ಸಲುವಾಗಿ. ನಮ್ಮ ರಾಜ್ಯದಲ್ಲಿ ಐದು ದಾಟಿ ಹತ್ತು ಲಕ್ಷದವರೆಗೆ ರಸ್ತೆ ತೆರಿಗೆ 14 ಪರ್ಸೆಂಟ್, ದಾಟಿದರೆ 17, ಅದರ ಮೇಲೆ ಸೆಸ್. ಗೆರೆಯ ಆಚೆ ಈಚೆಗೆ ತೆರಿಗೆಯೊಂದರಲ್ಲೇ ಮೂವತ್ತು ಸಾವಿರಕ್ಕೂ ಮೇಲೆ ವ್ಯತ್ಯಾಸ. "ಭಾವ, ವರ್ಷಕ್ಕೆ ಆರು ತಿಂಗಳು ಮಳೆ ಸುರಿಯೋ ಊರಲ್ಲಿ ನಿಮಗೆ ಆಕಾಶ ನೋಡೋದಿದ್ಯಾ?" ಅಂದೆ. ಕೆಳಗಿನ ವೇರಿಯೆಂಟಿಗೆ ಇಳಿದರು, ಎಂಟೂವರೆ ಲಕ್ಷದ ಆಸುಪಾಸು. ಶೋರೂಮಿನ ಇನ್ಶೂರೆನ್ಸ್ ಬೇಡ ಅಂತ ಹೊರಗೆ ಮಾಡಿಸಿದ್ದರಲ್ಲಿ ಹನ್ನೊಂದೋ ಹನ್ನೆರಡೋ ಸಾವಿರ ಉಳಿಯಿತು. ಹ್ಯಾಂಡ್ಲಿಂಗ್ ಚಾರ್ಜ್ ಅಂತ ಬರೆದಿದ್ದನ್ನು ಹೊಡೆದು ಹಾಕಿಸಿದೆ.

ಬೈಗುಳ ಬಂದಿದ್ದು ಸೆಪ್ಟೆಂಬರ್‌ನಲ್ಲಿ. ಯುಗಾದಿಗೆ ತಗೊಳ್ಳಿ ಅಂತ ಅವಸರ ಮಾಡಿದವನು ನಾನು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಗಾಡಿಗೆ ಜಿಎಸ್‌ಟಿ ಸೆಸ್ ಸೇರಿ 29 ಇದ್ದದ್ದು 18ಕ್ಕೆ ಇಳಿಯಿತು. ಡೀಸೆಲ್‌ಗೆ 1,500 ಸಿಸಿವರೆಗೆ, ಅದಕ್ಕೆ 31 ಇದ್ದದ್ದು 18 ಆಯಿತು. ಭಾವನ ಗಾಡಿಗೆ ಲೆಕ್ಕ ಹಾಕಿದರೆ ಎಪ್ಪತ್ತು ಸಾವಿರದ ಹತ್ತಿರ. "ನಿನ್ನ ಕಡ್ಡಿ ಇದನ್ನು ಹೇಳಲಿಲ್ವಾ?" ಅಂತ ಅವತ್ತು ರಾತ್ರಿಯೇ ಫೋನ್ ಬಂತು. ಏನು ಹೇಳಲಿ? ಮಳೆಗಾಲ ಒಂದು ಓಡಿಸಿದ್ರಲ್ಲ ಭಾವ ಅಂದೆ. ಇಟ್ಟುಬಿಟ್ಟರು.

ನಡುವೆ ಗಾಡಿ ಆರಿಸುವುದಕ್ಕೆ ಸಂಬಂಧವೇ ಇಲ್ಲದ ಕೆಲವು ಪ್ರಯೋಗಗಳೂ ಆದವು. ಇಲಿ ವೈರ್ ಕಡಿಯುವುದಕ್ಕೆ ಬಾನೆಟ್ ಒಳಗೆ ನುಸಿಗುಳಿಗೆ ಕಟ್ಟಿದೆ, ಎಸಿ ಹಾಕಿದ ಕೂಡಲೇ ಮನೆಯವಳಿಗೆ ವಾಂತಿ. ಹೊಗೆಸೊಪ್ಪು ಕಟ್ಟಿದರೆ ತಿಂಗಳೊಪ್ಪತ್ತು ತಡೆಯುತ್ತದೆ, ಮಳೆಗಾಲದಲ್ಲಿ ಅದೇ ಬೂಸ್ಟು ಹಿಡಿಯುತ್ತದೆ. ಈಗ ರಾತ್ರಿ ಬಾನೆಟ್ ಎತ್ತಿ, ಒಳಗೆ ಸಣ್ಣ ಬಲ್ಬ್ ಉರಿಸಿ ಬಿಡುತ್ತೇನೆ. ಒಂದು ವರ್ಷದಿಂದ ವೈರ್ ಹೋಗಿಲ್ಲ. ಮಂಜಿನಲ್ಲಿ ಬಿಳಿ ಎಲ್‌ಇಡಿ ಬೆಳಕು ಗೋಡೆಯ ಹಾಗೆ ಎದುರು ನಿಲ್ಲುತ್ತದೆ ಅಂತ ಫಾಗ್ ಲ್ಯಾಂಪಿಗೆ ನಾಟಕದವರ ಹಳದಿ ಜಿಲೆಟಿನ್ ಹಾಳೆ ಅಂಟಿಸಿದೆ. ಕಣ್ಣಿಗೆ ಹಿತವಾಯಿತು, ಮೂರನೇ ದಿನ ಬಿಸಿಗೆ ಮುದುಡಿ ಬಿತ್ತು. ಸೀಟಿನಡಿಗೆ ಇಟ್ಟ ಇದ್ದಿಲಿನ ಚೀಲ ಮಾತ್ರ ಮುಗ್ಗಲು ವಾಸನೆಗೆ ಚೆನ್ನಾಗಿ ಕೆಲಸ ಮಾಡಿತು.

ಭಾವ ತಗೊಂಡ ಗಾಡಿ ಯಾವುದು ಅಂತ ಕೇಳುವವರಿಗೆ ನಾನು ಹೇಳುವುದಿಲ್ಲ. ಅವರ ಏರಿಗೆ ಸರಿ ಹೋಗಿದ್ದು ನಿಮ್ಮ ಸಂಕಕ್ಕೆ ಸರಿ ಹೋಗಬೇಕೆಂದಿಲ್ಲ. ಕಡ್ಡಿ ಕಟ್ಟು ಅಟ್ಟದ ಮೇಲಿದೆ, ಬೇಕಾದವರು ಒಯ್ಯಬಹುದು. ಹೋದ ಸಲ ಒಯ್ದವರು 16ರ ಕಡ್ಡಿ ಮುರಿದು ತಂದಿದ್ದಾರೆ. ಅವರೇ ಹೊಸದು ಸೀಳಿ ತಂದಿಡಬೇಕು ಅಂತ ಹೇಳಿ ಕಳಿಸಿದ್ದೇನೆ.